ದಾರಿ ಕೇಳುವ ಹಕ್ಕು

ನಮ್ಮಲ್ಲಿ ವಿಮಾನ ನಿಲ್ದಾಣಗಳ ಬಗ್ಗೆ ನಡೆಯುವ ಮಾತೆಲ್ಲ ಹೆಚ್ಚುಕಡಿಮೆ ಛಾವಣಿಯ ಬಗ್ಗೆಯೇ. ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ 2022ರ ನವೆಂಬರ್ 11ರಂದು ಉದ್ಘಾಟನೆಯಾದಾಗ ಬಂದ ಚಿತ್ರಗಳನ್ನು ನೆನಪಿಸಿಕೊಳ್ಳಿ. ಬಿದಿರಿನ ಮಾಡು, ಮೇಲಿಂದ ಇಳಿಬಿಟ್ಟ ಬಳ್ಳಿ, ಒಳಗೇ ಬೆಳೆಸಿದ ಹಸಿರು. ಉದ್ಯಾನದೊಳಗಿನ ಟರ್ಮಿನಲ್ ಎಂದು ಕರೆದರು. ಮರುವರ್ಷ ಪ್ರಿ ವರ್ಸಾಯ್ ಪ್ರಶಸ್ತಿಗಳಲ್ಲಿ ಅದರ ಒಳಾಂಗಣಕ್ಕೆ ವಿಶೇಷ ಬಹುಮಾನವೂ ಬಂತು. ನನಗೂ ಆ ಕಟ್ಟಡ ಇಷ್ಟ. ಬಿದಿರಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ನನ್ನ ಪ್ರಶ್ನೆ ಬೇರೆ. ಆ ಉದ್ಯಾನವನ್ನು ಹಾದು, ತಿರುಗುವ ಪಟ್ಟಿಯ ಮೇಲಿಂದ ತನ್ನ ಸೂಟ್‌ಕೇಸು ಎತ್ತಿಕೊಂಡು, ಗಾಜಿನ ಬಾಗಿಲು ದಾಟಿ ಹೊರಗೆ ಬಂದವನು ಅಲ್ಲಿಂದ ಮನೆಗೆ ಹೇಗೆ ಹೋಗುತ್ತಾನೆ? ಅದನ್ನು ಅವನಿಗೆ ಯಾರು ಹೇಳುತ್ತಾರೆ? ಯಾವ ಭಾಷೆಯಲ್ಲಿ ಹೇಳುತ್ತಾರೆ?

ಇದು ಸಣ್ಣ ಪ್ರಶ್ನೆ ಎನ್ನುವವರಿದ್ದಾರೆ. ಅಲ್ಲ ಎಂದು ವಾದಿಸಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಒಂದು ಊರು ತನ್ನೊಳಗೆ ಬರುವವರನ್ನು ಹೇಗೆ ನೋಡುತ್ತದೆ ಎನ್ನುವುದು ಅದು ಕಟ್ಟಿದ ಗೋಪುರದಿಂದ ಗೊತ್ತಾಗುವುದಿಲ್ಲ, ದಾರಿ ಕೇಳಿದವನಿಗೆ ಅದು ಕೊಡುವ ಉತ್ತರದಿಂದ ಗೊತ್ತಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ, ನೀರು. ಆಮೇಲೆ ‘ಯಾವೂರು, ಯಾರ ಮನೆಗೆ’ ಎಂಬ ವಿಚಾರಣೆ. ಆಮೇಲೆ ಒಬ್ಬ ಹುಡುಗನನ್ನು ಜೊತೆ ಮಾಡಿ ಆ ಮನೆಯ ಬಾಗಿಲವರೆಗೆ ಬಿಟ್ಟುಬರುವುದು. ಸಾವಿರಾರು ಕೋಟಿ ಸುರಿದು ಕಟ್ಟಿದ ಜಾಗದಲ್ಲಿ ಈ ಮೂರರಲ್ಲಿ ಒಂದೂ ಯಾಕೆ ಸಿಗಬಾರದು?

ಕೆಎಸ್‌ಆರ್‌ಟಿಸಿಯ ಯಾವುದಾದರೂ ಬಸ್ ನಿಲ್ದಾಣವನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಾಸನ, ಚಿತ್ರದುರ್ಗ, ಯಾವುದಾದರೂ ಸರಿ. ಒಂದು ಕಿಟಕಿಯ ಮೇಲೆ ‘ವಿಚಾರಣೆ’ ಎಂದು ಬರೆದಿರುತ್ತದೆ. ಪೊಲೀಸ್ ಠಾಣೆಯಲ್ಲೂ ಅದೇ ಪದ, ಕೋರ್ಟಿನಲ್ಲೂ ಅದೇ ಪದ. ಆದರೆ ಇಲ್ಲಿ ವಿಚಾರಣೆ ನಡೆಸುವವರು ಪ್ರಯಾಣಿಕರು. ಕಿಟಕಿಯೊಳಗೆ ಕುಳಿತ ಮನುಷ್ಯ ಸಿಡುಕನೇ ಇರಬಹುದು, ತಲೆ ಎತ್ತದೆಯೇ ‘ನಾಲ್ಕನೇ ಪ್ಲಾಟ್‌ಫಾರಂ’ ಎನ್ನಬಹುದು. ಆದರೆ ಉತ್ತರ ಕೊಡುವುದು ತನ್ನ ಕೆಲಸ ಎಂದು ಅವನಿಗೆ ಗೊತ್ತು, ಕೇಳುವುದು ತನ್ನ ಹಕ್ಕು ಎಂದು ಕೇಳುವವಳಿಗೂ ಗೊತ್ತು. ಅವನಾಗದಿದ್ದರೆ ಕಂಡಕ್ಟರ್ ಇದ್ದಾನೆ, ಬಾಗಿಲಲ್ಲಿ ನಿಂತು ಊರಿನ ಹೆಸರನ್ನು ಎರಡೆರಡು ಸಲ ಕೂಗುತ್ತಾನೆ. ಓದಲು ಬಾರದವರಿಗೆ ಆ ಕೂಗೇ ಬೋರ್ಡು. ಅವನೂ ಆಗದಿದ್ದರೆ ಕಡಲೆಕಾಯಿ ಮಾರುವವಳಿದ್ದಾಳೆ, ಪಕ್ಕದಲ್ಲಿ ನಿಂತ ಕಾಲೇಜು ಹುಡುಗನಿದ್ದಾನೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ಹುಟ್ಟಿದ ನಾಡು ಇದು. ಕೇಳಿ ತಿಳಿಯುವುದು ನಮ್ಮಲ್ಲಿ ಯಾವತ್ತೂ ಅವಮಾನದ ವಿಷಯ ಆಗಿರಲಿಲ್ಲ.

ವಿಮಾನ ನಿಲ್ದಾಣ ಅದನ್ನು ಅವಮಾನದ ವಿಷಯವಾಗಿ ಮಾಡಿದೆ. ನಾನು ಜಗಳ ತೆಗೆಯುತ್ತಿರುವುದು ಈ ಕಾರಣಕ್ಕೆ.

ನನ್ನ ಸೋದರತ್ತೆಯ ಒಂದು ಅನುಭವ ಹೇಳುತ್ತೇನೆ. ಯಾವ ನಿಲ್ದಾಣ ಎಂಬುದು ಇಲ್ಲಿ ಬೇಡ. ಹೆಸರು ಬದಲಿಸಿದರೂ ಕಥೆ ಬದಲಾಗದು. ಅತ್ತೆ ಅರಸೀಕೆರೆ ಕಡೆಯವರು. ಅರವತ್ತೈದು ದಾಟಿದೆ. ಮಗಳ ಬಾಣಂತನ ಮುಗಿಸಿಕೊಂಡು ಒಬ್ಬರೇ ವಿಮಾನದಲ್ಲಿ ವಾಪಸು ಬಂದರು. ಆಕಾಶದಲ್ಲಿ ಅವರಿಗೆ ಯಾವ ತೊಂದರೆಯೂ ಆಗಲಿಲ್ಲ. ಬೆಲ್ಟು ಕಟ್ಟಿಸಿದರು, ನೀರು ಕೊಟ್ಟರು, ಇಳಿಸಿದರು. ತೊಂದರೆ ಶುರುವಾದದ್ದು ನೆಲಕ್ಕೆ ಕಾಲಿಟ್ಟ ಮೇಲೆ. ಹೊರಗೆ ಕೋಟು ಹಾಕಿ ನಿಂತ ಹುಡುಗನೊಬ್ಬನನ್ನು ‘ಬಸ್ಸೆಲ್ಲಿ ನಿಲ್ಲುತ್ತಪ್ಪಾ?’ ಎಂದು ಕೇಳಿದರು. ಅವನು ಹಿಂದಿಯಲ್ಲಿ ಏನೋ ಅಂದ. ಇನ್ನೊಬ್ಬ ‘ಆ್ಯಪ್‌ನಲ್ಲಿ ನೋಡಿ ಆಂಟಿ’ ಎಂದ. ಮನೆಗೆ ಬಂದ ಮೇಲೆ ಅತ್ತೆ ಅದನ್ನು ವರ್ಣಿಸಿದ ಬಗೆ ಹೀಗೆ: ‘ನಾನು ಬಸ್ ಎಲ್ಲಿ ಅಂತ ಕೇಳಿದ್ರೆ ಅವನು ಫೋನ್ ಇಲ್ವಾ ಅಂತಾನೆ. ಫೋನ್ ಐತೆ ಕಣಪ್ಪಾ, ಬಸ್ ಎಲ್ಲೈತೆ ಹೇಳು ಅಂದೆ.’ ಕೊನೆಗೆ ದಾರಿ ಹೇಳಿದ್ದು ನೆಲ ಒರೆಸುತ್ತಿದ್ದ ಒಬ್ಬ ಹೆಂಗಸು. ‘ಆ ಕಂಬ ದಾಟಿ ಎಡಕ್ಕೋಗಿ ಅಮ್ಮಾ, ಬಸ್ಸು ನಿಂತಿರ್ತವೆ’ ಎಂದಳಂತೆ. ಅಷ್ಟೇ. ಒಂದು ವಾಕ್ಯ.

ಆ ಒಂದು ವಾಕ್ಯ ಹೇಳುವುದು ಆಕೆಯ ಕೆಲಸವಲ್ಲ. ಅದಕ್ಕಾಗಿ ಆಕೆಗೆ ಸಂಬಳ ಕೊಡುವುದಿಲ್ಲ. ಹೇಳುತ್ತ ನಿಂತರೆ ಮೇಸ್ತ್ರಿ ಗದರಿಸಲೂಬಹುದು. ಗಮನಿಸಿ ನೋಡಿ: ದೊಡ್ಡ ನಿಲ್ದಾಣಗಳಲ್ಲಿ ನಿಜವಾದ ಮಾಹಿತಿ ಇರುವುದು ಕಸ ಗುಡಿಸುವವರ ಬಳಿ, ಟ್ರಾಲಿ ತಳ್ಳುವವರ ಬಳಿ, ಬಾಗಿಲಲ್ಲಿ ನಿಂತ ಕಾವಲುಗಾರರ ಬಳಿ. ಇವರಲ್ಲಿ ಹಲವರು ಅದೇ ಬಸ್ಸು ಹತ್ತಿ ಕೆಲಸಕ್ಕೆ ಬರುವವರು. ಹೊಳೆಯುವ ಪರದೆಗಳಿಗೆ ಗೊತ್ತಿಲ್ಲದ್ದು ಇವರಿಗೆ ಗೊತ್ತಿರುವುದು ಅದಕ್ಕೇ.

ಈಗ ಎದುರು ವಾದಗಳಿಗೆ ಬರೋಣ. ನಾನು ಈ ಮಾತನ್ನು ಎಲ್ಲೇ ಎತ್ತಿದರೂ ನಾಲ್ಕು ಉತ್ತರಗಳು ಸಾಲಾಗಿ ಬರುತ್ತವೆ.

ಮೊದಲನೆಯದು: ‘ವಿಮಾನದ ಟಿಕೆಟ್ ಕೊಳ್ಳುವವನಿಗೆ ಟ್ಯಾಕ್ಸಿಗೆ ದುಡ್ಡಿಲ್ಲವೇ?’

ಈ ಮಾತನ್ನಾಡುವವರು ವಿಮಾನದಲ್ಲಿ ಯಾರು ಕೂರುತ್ತಾರೆಂದು ಇತ್ತೀಚೆಗೆ ನೋಡಿಲ್ಲ. ಹವಾಯಿ ಚಪ್ಪಲಿ ಹಾಕಿದವರೂ ವಿಮಾನ ಹತ್ತಬೇಕು ಎಂದು ಉಡಾನ್ ಯೋಜನೆಯನ್ನು ಸರ್ಕಾರವೇ ತಂದಿತು. 2019ರ ನವೆಂಬರಿನಲ್ಲಿ ಕಲಬುರಗಿಗೆ, 2020ರ ಫೆಬ್ರುವರಿಯಲ್ಲಿ ಬೀದರಿಗೆ, 2023ರಲ್ಲಿ ಶಿವಮೊಗ್ಗಕ್ಕೆ ವಿಮಾನ ಬಂತು. ಗಲ್ಫಿನಲ್ಲಿ ದುಡಿದು ಎರಡು ವರ್ಷಕ್ಕೊಮ್ಮೆ ಮಂಗಳೂರಿನಲ್ಲಿ ಇಳಿಯುವ ಕರಾವಳಿಯ ಹುಡುಗರನ್ನು ಕೇಳಿ. ಅವರ ಟಿಕೆಟ್ಟು ಎಷ್ಟೋ ಸಲ ಸಾಲದ್ದು, ಅಥವಾ ಕಂಪನಿ ಕೊಟ್ಟದ್ದು. ಬೇರೆ ರಾಜ್ಯದ ಕಾಲೇಜಿಗೆ ಸೇರಿದ ವಿದ್ಯಾರ್ಥಿ ಮೂರು ತಿಂಗಳ ಮೊದಲೇ ಅಗ್ಗದ ಟಿಕೆಟ್ ಹುಡುಕಿ ಕೊಂಡಿರುತ್ತಾನೆ. ದೇವನಹಳ್ಳಿಯಿಂದ ಬೆಂಗಳೂರಿನ ಇನ್ನೊಂದು ತುದಿಗೆ ಟ್ಯಾಕ್ಸಿ ಹಿಡಿದರೆ ಆ ಉಳಿತಾಯ ಅಲ್ಲೇ ಕರಗುತ್ತದೆ. ಚಿಕಿತ್ಸೆಗೆಂದು ಹೊರಟವರು, ಸಾವಿನ ಸುದ್ದಿ ಕೇಳಿ ಕೈಸಾಲ ಮಾಡಿ ಹತ್ತಿದವರು, ಇವರೆಲ್ಲ ಅದೇ ವಿಮಾನದಲ್ಲಿದ್ದಾರೆ. ಆಕಾಶವನ್ನು ಅಗ್ಗ ಮಾಡಿದ ಮೇಲೆ ನೆಲವನ್ನು ದುಬಾರಿಯಾಗಿ ಉಳಿಸಿಕೊಂಡರೆ ಅದಕ್ಕೇನು ಅರ್ಥ? ಹವಾಯಿ ಚಪ್ಪಲಿಯವನನ್ನು ವಿಮಾನಕ್ಕೆ ಹತ್ತಿಸಿದಿರಿ, ಸರಿ. ಇಳಿದ ಮೇಲೆ ಅವನು ಎಲ್ಲಿಗೆ ನಡೆಯಬೇಕು?

ಎರಡನೆಯ ಉತ್ತರ: ‘ಈಗ ಎಲ್ಲರ ಕೈಯಲ್ಲೂ ಫೋನಿದೆ.’

ಫೋನಿದೆ. ಆದರೆ ಫೋನಿರುವುದು ಬೇರೆ, ಆ ಕ್ಷಣಕ್ಕೆ ಅದು ಕೆಲಸಕ್ಕೆ ಬರುವುದು ಬೇರೆ. ದುಬೈಯಿಂದ ಬಂದಿಳಿದವನ ಇಲ್ಲಿನ ಸಿಮ್ಮು ರೀಚಾರ್ಜ್ ಇಲ್ಲದೆ ಸತ್ತಿರುತ್ತದೆ. ವೈಫೈ ಹಾಕಿಕೊಳ್ಳೋಣವೆಂದರೆ ಒಟಿಪಿ ಬರಬೇಕಾದದ್ದು ಅದೇ ಸತ್ತ ಸಿಮ್ಮಿಗೆ. ಹತ್ತು ಗಂಟೆ ಪ್ರಯಾಣ ಮಾಡಿದವಳ ಬ್ಯಾಟರಿ ಶೇಕಡಾ ಮೂರಕ್ಕೆ ಇಳಿದಿರುತ್ತದೆ. ಆ್ಯಪ್ ತೆರೆದರೂ ಅದು ಮೊದಲು ಕೇಳುವುದು ‘ಎಲ್ಲಿಗೆ’ ಎಂದಲ್ಲ. ನಿಮ್ಮ ನಂಬರ್, ನಿಮ್ಮ ಲೊಕೇಶನ್, ಹಣ ಕಟ್ಟುವ ಬಗೆ. ಮಳೆ ಬಂದರೆ, ರಾತ್ರಿಯಾದರೆ ದರ ಏರುತ್ತದೆ. ಕೊನೆಗೆ ಗಾಡಿ ಸಿಕ್ಕಿತೆಂದರೆ ಚಾಲಕ ಒಂದು ಪಿಲ್ಲರ್ ನಂಬರ್ ಹೇಳುತ್ತಾನೆ, ನೀವು ಇನ್ನೊಂದರ ಹತ್ತಿರ ನಿಂತಿರುತ್ತೀರಿ, ಇಬ್ಬರೂ ‘ಹಲೋ, ಎಲ್ಲಿದ್ದೀರಿ?’ ಎಂದು ಪರಸ್ಪರ ಕೂಗಾಡುತ್ತೀರಿ. ಚಾಲಕರ ಮೇಲೆ ನನಗೆ ದೂರಿಲ್ಲ. ಪಾರ್ಕಿಂಗ್ ಮೈದಾನದಲ್ಲಿ ಸೀಟು ಹಿಂದಕ್ಕೆ ಬಾಗಿಸಿ ಗಂಟೆಗಟ್ಟಲೆ ಬಾಡಿಗೆ ಕಾಯುವ, ಬಂದ ಬಾಡಿಗೆಯಲ್ಲಿ ಕಮಿಷನ್ ಕಳೆದುಕೊಳ್ಳುವ ಅವರದ್ದೂ ಇದೇ ವ್ಯವಸ್ಥೆಯ ಕಷ್ಟ. ಹೇಳುವುದಿಷ್ಟೇ: ಫೋನು ಒಂದು ಅನುಕೂಲ. ಅನುಕೂಲವನ್ನೇ ಅರ್ಹತೆಯನ್ನಾಗಿ ಮಾಡಿದರೆ ಅದಿಲ್ಲದವರು ತಂತಾನೇ ಹೊರಗಾಗುತ್ತಾರೆ. ಯಾರೂ ಅವರನ್ನು ತಳ್ಳಬೇಕಾಗಿಲ್ಲ.

ಮೂರನೆಯ ಉತ್ತರ: ‘ಮೆಟ್ರೊ ಬರಲಿ, ಎಲ್ಲ ಸರಿಹೋಗುತ್ತದೆ.’

ಈ ಸಮಾಧಾನ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುವಂಥದ್ದು. ಸ್ವಲ್ಪ ಲೆಕ್ಕ ನೋಡೋಣ. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ಕೆಲಸ ಶುರುಮಾಡಿತು. ಅದೇ ಹೊತ್ತಿಗೆ ನಗರದೊಳಗಿನ ಎಚ್‌ಎಎಲ್ ನಿಲ್ದಾಣವನ್ನು ಸಾಮಾನ್ಯ ವಿಮಾನಗಳಿಗೆ ಮುಚ್ಚಲಾಯಿತು. ಎಚ್‌ಎಎಲ್ ಇಕ್ಕಟ್ಟಾಗಿತ್ತು ನಿಜ. ಆದರೆ ಗೇಟಿನಿಂದ ಹೊರಗೆ ನಡೆದರೆ ಊರಿನ ರಸ್ತೆ, ರಸ್ತೆಯಲ್ಲಿ ಸಿಟಿ ಬಸ್ಸು. ಹೊಸದು ಮೆಜೆಸ್ಟಿಕ್ಕಿನಿಂದ ಸುಮಾರು 35 ಕಿಲೋಮೀಟರ್ ದೂರ. ಇಷ್ಟು ದೂರಕ್ಕೆ ಒಂದು ನಗರದ ಹೆಬ್ಬಾಗಿಲನ್ನು ಒಯ್ದಿಟ್ಟವರು ಅದರ ಜೊತೆಗೇ ಒಂದು ರೈಲು ಹಳಿ ಹಾಕಬೇಕಿತ್ತು. ಹಾಕಲಿಲ್ಲ. ಕೆ.ಆರ್. ಪುರದಿಂದ ಹೆಬ್ಬಾಳದ ಮೇಲೆ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೊ ಮಾರ್ಗಕ್ಕೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2021ರ ಏಪ್ರಿಲಿನಲ್ಲಿ, ಅಂದರೆ ನಿಲ್ದಾಣ ಶುರುವಾಗಿ ಹದಿಮೂರು ವರ್ಷವಾಗುತ್ತ ಬಂದಾಗ. ಉಪನಗರ ರೈಲಿನಲ್ಲಿ ಮೆಜೆಸ್ಟಿಕ್–ದೇವನಹಳ್ಳಿ ಮಾರ್ಗಕ್ಕೆ ‘ಸಂಪಿಗೆ’ ಎಂಬ ಚಂದದ ಹೆಸರಿಟ್ಟಿದ್ದಾರೆ. ಹೆಸರಿನ ಘಮ ಮಾತ್ರ ಬಂದಿದೆ, ಹೂವಿನ್ನೂ ಅರಳಿಲ್ಲ. 2008ರಲ್ಲಿ ಹುಟ್ಟಿದ ಮಗು ಪಿಯುಸಿ ಮುಗಿಸುವ ವಯಸ್ಸಿಗೆ ಬಂದಿದೆ. ನಾವಿನ್ನೂ ಬಳ್ಳಾರಿ ರಸ್ತೆಯ ಮೇಲೆ ಕಂಬಗಳನ್ನು ಎಣಿಸುತ್ತಿದ್ದೇವೆ.

ಬೇರೆ ಊರುಗಳು ಕೈಕಟ್ಟಿ ಕೂತಿರಲಿಲ್ಲ. ದೆಹಲಿಯ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೊ 2011ರ ಫೆಬ್ರುವರಿಯಲ್ಲಿ ಓಡಿತು. ಚೆನ್ನೈ ವಿಮಾನ ನಿಲ್ದಾಣಕ್ಕೆ ಮೆಟ್ರೊ 2016ರಲ್ಲಿ ಬಂತು. ಅದಕ್ಕೂ ಎಷ್ಟೋ ಮೊದಲಿನಿಂದ ರಸ್ತೆಯ ಆಚೆ ಬದಿಗೆ ತಿರುಶೂಲಂ ಎಂಬ ಲೋಕಲ್ ರೈಲು ನಿಲ್ದಾಣವಿದೆ. ಮುಂಬೈಗೆ 2024ರಲ್ಲಿ, ಕೋಲ್ಕತ್ತಕ್ಕೆ 2025ರಲ್ಲಿ ಬಂತು. ವರ್ಷಕ್ಕೆ ನಾಲ್ಕು ಕೋಟಿಗೂ ಹೆಚ್ಚು ಜನ ಹಾದುಹೋಗುವ ಬೆಂಗಳೂರು ಮಾತ್ರ ‘ಬರುತ್ತೆ, ಬರುತ್ತೆ’ ಎಂದು ಹೇಳಿಕೊಂಡು ಬಂದಿದೆ.

ಮೆಟ್ರೊ ಬೇಡ ಎನ್ನುತ್ತಿಲ್ಲ. ಅದು ನಾಳೆಯೇ ಬರಲಿ. ಆದರೆ ನಾಳೆ ಬರುವುದನ್ನು ತೋರಿಸಿ ಇವತ್ತು ಇರುವುದನ್ನು ಬಚ್ಚಿಡುವುದು ಸರಿಯಲ್ಲ. ಯಾಕೆಂದರೆ ಇವತ್ತೂ ದಾರಿಗಳಿವೆ. 2021ರ ಜನವರಿಯಿಂದ ಯಲಹಂಕ–ಚಿಕ್ಕಬಳ್ಳಾಪುರ ಹಳಿಯ ಮೇಲೆ ವಿಮಾನ ನಿಲ್ದಾಣದ ಹೆಸರಿನದೇ ಒಂದು ರೈಲು ಹಾಲ್ಟ್ ಇದೆ. ಟರ್ಮಿನಲ್ ಒಳಗಿನ ಒಂದು ಕಪ್ ಕಾಫಿಗಿಂತ ಆ ರೈಲಿನ ಟಿಕೆಟ್ಟು ಅಗ್ಗ. ರೈಲುಗಳು ಬೆರಳೆಣಿಕೆಯಷ್ಟು, ಹಾಲ್ಟಿನಿಂದ ಟರ್ಮಿನಲ್‌ಗೆ ಮತ್ತೊಂದು ಬಸ್ಸು ಹಿಡಿಯಬೇಕು, ಎಲ್ಲ ನಿಜ. ಆದರೆ ಅಂಥದ್ದೊಂದು ಇದೆ ಎಂದು ವಿಮಾನದಿಂದಿಳಿದ ಎಷ್ಟು ಜನರಿಗೆ ಗೊತ್ತು? ರಾಯಚೂರಿಗೋ ಬಳ್ಳಾರಿಗೋ ಹೋಗಬೇಕಾದವನು ಗಂಟುಮೂಟೆ ಹೊತ್ತು ಮೆಜೆಸ್ಟಿಕ್ಕಿಗೆ ಹೋಗಿ, ಅಲ್ಲಿ ರೈಲು ಹತ್ತಿ, ಮತ್ತೆ ಯಲಹಂಕದ ಮೇಲೆಯೇ ವಾಪಸು ಬರುತ್ತಾನೆ. ಗುಂತಕಲ್ ದಾರಿಯ ಹಲವು ರೈಲುಗಳು ಯಲಹಂಕದಲ್ಲಿ ನಿಲ್ಲುತ್ತವೆ, ಅಲ್ಲೇ ಹತ್ತಬಹುದು ಎಂದು ಒಬ್ಬರಾದರೂ ಹೇಳಿದ್ದರೆ ಅವನ ಅರ್ಧ ದಿನ ಉಳಿಯುತ್ತಿತ್ತು. ಚಿಕ್ಕಬಳ್ಳಾಪುರ, ಬಾಗೇಪಲ್ಲಿಯವರ ಪಾಡು ಇನ್ನೂ ವಿಚಿತ್ರ. ಅವರ ಊರಿನ ಬಸ್ಸುಗಳು ನಿಲ್ದಾಣದ ಪಕ್ಕದ ಹೆದ್ದಾರಿಯಲ್ಲೇ ಹಾದುಹೋಗುತ್ತವೆ. ಟರ್ಮಿನಲ್‌ನಿಂದ ಆ ಹೆದ್ದಾರಿ ಮುಟ್ಟುವುದೇ ದೊಡ್ಡ ಸಾಹಸ.

ಇನ್ನು ಬಿಎಂಟಿಸಿಯ ವಾಯುವಜ್ರ. ಒಳ್ಳೆಯ ಬಸ್ಸು, ಸಾಮಾನಿಡಲು ಜಾಗ, ತಣ್ಣಗಿನ ಗಾಳಿ. 2008ರಿಂದ ಈ ನಗರದ ಮರ್ಯಾದೆ ಕಾಪಾಡಿಕೊಂಡು ಬಂದಿರುವುದು ಇದೇ ಬಸ್ಸು. ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಮೈಸೂರು ಮೊದಲಾದ ಕೆಲವು ಊರುಗಳಿಗೆ ನೇರವಾಗಿ ಹೋಗುತ್ತದೆ. ಇವು ನಾವು ಎದೆ ತಟ್ಟಿ ಹೇಳಿಕೊಳ್ಳಬೇಕಾದ ಸೇವೆಗಳು. ಆದರೆ ಹೊಸಬನಿಗೆ ‘ಕೆಐಎ-9’ ಎಂದರೆ ಏನು ತಿಳಿಯುತ್ತದೆ? ಒಂಬತ್ತು ಎಂದರೆ ಮೆಜೆಸ್ಟಿಕ್, ಎಂಟು ಎಂದರೆ ಎಲೆಕ್ಟ್ರಾನಿಕ್ ಸಿಟಿ ಎಂಬುದು ಈಗಾಗಲೇ ಗೊತ್ತಿದ್ದವನಿಗೆ ಮಾತ್ರ ಗೊತ್ತು. ಇನ್ನೊಂದು ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ. ಹವಾನಿಯಂತ್ರಿತ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಹೀಗಾಗಿ ವಿಮಾನ ನಿಲ್ದಾಣದಿಂದ ಹೊರಡುವ ವಾಯುವಜ್ರ ಆ ಯೋಜನೆಯ ಹೊರಗೆ ಉಳಿಯುತ್ತದೆ. ಟರ್ಮಿನಲ್‌ನಲ್ಲಿ ನೆಲ ಒರೆಸುವ ಹೆಂಗಸು ದಿನಾ ಯಾವ ಬಸ್ಸಿನಲ್ಲಿ, ಎಷ್ಟು ಹೊತ್ತಿಗೆ ಮನೆ ಸೇರುತ್ತಾಳೆ ಎಂಬುದನ್ನು ಪ್ರಶಸ್ತಿಯ ತೀರ್ಪುಗಾರರು ಕೇಳುವುದಿಲ್ಲ.

ನಾಲ್ಕನೆಯ ಉತ್ತರ: ‘ಅದು ಖಾಸಗಿ ನಿಲ್ದಾಣ. ಲಾಭ ನೋಡಬೇಡವೇ?’

ನೋಡಲಿ. ವಿಮಾನ ನಿಲ್ದಾಣದ ಆದಾಯ ಎರಡು ಬಗೆಯದು. ವಿಮಾನ ಇಳಿಸುವುದರಿಂದ, ಪ್ರಯಾಣಿಕರ ಶುಲ್ಕದಿಂದ ಬರುವುದು ಒಂದು. ಅಂಗಡಿ, ಜಾಹೀರಾತು, ಪಾರ್ಕಿಂಗ್‌ಗಳಿಂದ ಬರುವುದು ಇನ್ನೊಂದು. ಎರಡನೆಯದರ ಮೇಲೆ ಕಣ್ಣಿಟ್ಟಾಗ ಕಟ್ಟಡದ ನಕ್ಷೆಯೇ ಬದಲಾಗುತ್ತದೆ. ಅಂಗಡಿಗಳು ದಾರಿಯ ನಡುವೆ ಬಂದು ನಿಲ್ಲುತ್ತವೆ, ಕಾರಿಗೆ ಹತ್ತಿರದ ಜಾಗ ಸಿಗುತ್ತದೆ, ಬಸ್ಸು ಮೂಲೆಗೆ ಸರಿಯುತ್ತದೆ. ಇದರಲ್ಲಿ ಯಾರದೂ ಪಿತೂರಿ ಬೇಕಾಗಿಲ್ಲ. ಬಸ್ಸಿನಲ್ಲಿ ಹೋಗುವವನು ನಿಲ್ದಾಣಕ್ಕೆ ಪಾರ್ಕಿಂಗ್ ದುಡ್ಡು ಕೊಡುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಅವನು ಕಾಣುವುದೇ ಇಲ್ಲ.

ಆದರೆ ಖಾಸಗಿ ಎಂಬ ಮಾತು ಪೂರ್ತಿ ನಿಜವೂ ಅಲ್ಲ. ಆ ನಿಲ್ದಾಣ ನಿಂತಿರುವುದು ಸುಮಾರು 4,000 ಎಕರೆಯ ಮೇಲೆ. ಅದು ರೈತರ ಹೊಲಗಳಿದ್ದ, ಊರುಗಳಿದ್ದ ನೆಲ. ಸರ್ಕಾರ ಮುಂದೆ ನಿಂತು ಕೊಡಿಸಿದ ನೆಲ. ಕಂಪನಿಯಲ್ಲಿ ರಾಜ್ಯದ ಸಂಸ್ಥೆಯದೂ ಕೇಂದ್ರದ ಸಂಸ್ಥೆಯದೂ ಪಾಲಿದೆ. ಎಚ್‌ಎಎಲ್ ಮುಚ್ಚಿದ್ದು ಕೂಡ ಈ ನಿಲ್ದಾಣಕ್ಕೆ ಪೈಪೋಟಿ ಇರಬಾರದೆಂಬ ಒಪ್ಪಂದದ ಫಲ. ಊರಿಗೆ ಬೇರೆ ಬಾಗಿಲೇ ಇಲ್ಲದಂತೆ ಮಾಡಿದ ಮೇಲೆ, ಇರುವ ಒಂದೇ ಬಾಗಿಲಿನಲ್ಲಿ ಎಲ್ಲರಿಗೂ ದಾರಿ ತೋರಿಸಬೇಕಾದದ್ದು ಉಪಕಾರವಲ್ಲ, ಅದು ಋಣ.

ಈಗ ಭಾಷೆಯ ಮಾತು. ಈ ಪತ್ರಿಕೆಯ ಓದುಗರಾದ ನಿಮಗೂ ನನಗೂ ಇದು ಹೆಚ್ಚು ಹತ್ತಿರದ್ದು.

ನಾಮಫಲಕಗಳಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿಯಾಯಿತು. ಅದಕ್ಕಾಗಿ ಬೀದಿಗಿಳಿದು ಹೋರಾಡಿದವರ ಬಗ್ಗೆ ನನಗೆ ಗೌರವವಿದೆ. ಆದರೆ ನಾವು ಅಕ್ಷರದ ಅಳತೆಯ ಬಗ್ಗೆ ಜಗಳವಾಡಿದಷ್ಟು ಆ ಅಕ್ಷರ ಏನು ಹೇಳುತ್ತದೆ ಎಂಬುದರ ಬಗ್ಗೆ ಆಡಲಿಲ್ಲ. ವಿಮಾನ ನಿಲ್ದಾಣಗಳಲ್ಲಿ ಕನ್ನಡ ಇದೆ. ‘ಆಗಮನ’, ‘ನಿರ್ಗಮನ’ ಎಂದು ಬರೆದಿರುತ್ತಾರೆ. ನಮ್ಮಲ್ಲಿ ಯಾರ ಮನೆಯಲ್ಲಿ ‘ಅಣ್ಣನ ಆಗಮನ ಎಷ್ಟು ಗಂಟೆಗೆ?’ ಎಂದು ಕೇಳುತ್ತಾರೆ? ‘ಬರೋದು ಎಷ್ಟೊತ್ತಿಗೆ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಮೊದಲು ಬರೆದು, ಆಮೇಲೆ ನಿಘಂಟು ಹಿಡಿದು ಕನ್ನಡಕ್ಕೆ ಇಳಿಸಿದ ಪದಗಳಿವು. ಎರಡನೇ ಟರ್ಮಿನಲ್‌ನ ಬಸ್ಸು, ಟ್ಯಾಕ್ಸಿಗಳೆಲ್ಲ ಸೇರುವ ಜಾಗಕ್ಕೆ ಇಟ್ಟ ಹೆಸರು ‘ಮಲ್ಟಿ ಮೋಡಲ್ ಟ್ರಾನ್ಸ್‌ಪೋರ್ಟ್ ಹಬ್’. ಇದನ್ನು ಎಷ್ಟೇ ನಿಷ್ಠೆಯಿಂದ ಅನುವಾದ ಮಾಡಿದರೂ ಒಗಟೇ ಆಗುತ್ತದೆ. ಇಂಗ್ಲಿಷ್ ಬಲ್ಲವರಿಗೇ ಅದು ಒಗಟು. ‘ಬಸ್ಸು, ಟ್ಯಾಕ್ಸಿ ಇಲ್ಲಿ’ ಎಂದು ದಪ್ಪಕ್ಷರದಲ್ಲಿ ಬರೆದು ಒಂದು ಬಾಣ ಹಾಕಿದರೆ ಆಯಿತು. ‘ಮೆಜೆಸ್ಟಿಕ್ ಕಡೆಗೆ’, ‘ಮೈಸೂರಿಗೆ ನೇರ ಬಸ್ಸು’, ‘ಮುಂದಿನ ಬಸ್ಸು 10.40ಕ್ಕೆ’. ಇದೂ ಕನ್ನಡವೇ. ಶೇಕಡಾ 60ರಷ್ಟು ಜಾಗ ತುಂಬಿದ ಅರ್ಥವಾಗದ ಕನ್ನಡಕ್ಕಿಂತ ಅಂಗೈಯಗಲದ ಅರ್ಥವಾಗುವ ಕನ್ನಡ ಮೇಲು. ನಮಗೆ ಬೇಕಾದದ್ದು ಅರ್ಥವಾಗುವ ಕನ್ನಡ, ಅದೂ ದೊಡ್ಡದಾಗಿ.

ಬೋರ್ಡಿನ ಕನ್ನಡಕ್ಕಿಂತ ಮುಖ್ಯವಾದದ್ದು ಬಾಯಿಯ ಕನ್ನಡ. ಬೋರ್ಡು ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಮರುಪ್ರಶ್ನೆ ಕೇಳಲಾಗದು. ‘ಲಗೇಜು ಜಾಸ್ತಿ ಇದೆ, ಹತ್ತಿಸ್ಕೊಳ್ತಾರಾ?’, ‘ಹೆಬ್ಬಾಳದಲ್ಲಿ ಇಳಿದರೆ ತುಮಕೂರು ಬಸ್ ಸಿಗುತ್ತಾ?’, ‘ರಾತ್ರಿ ಹನ್ನೊಂದಾಯಿತು, ಒಬ್ಬಳೇ ಇದ್ದೇನೆ, ಯಾವುದರಲ್ಲಿ ಹೋಗುವುದು ಒಳ್ಳೆಯದು?’ ಇವಕ್ಕೆ ಉತ್ತರ ಕೊಡಲು ಒಬ್ಬ ಮನುಷ್ಯ ಬೇಕು. ಕನ್ನಡ ಗೊತ್ತಿರುವ, ಬಸ್ಸು ಗೊತ್ತಿರುವ, ಕೇಳಿದವರನ್ನು ಮೇಲಿಂದ ಕೆಳಕ್ಕೆ ಅಳೆಯದ ಒಬ್ಬ ಮನುಷ್ಯ. ಅಂಥವರ ಕೊರತೆ ನಮ್ಮಲ್ಲಿಲ್ಲ. ಬಿಎಂಟಿಸಿ, ಕೆಎಸ್‌ಆರ್‌ಟಿಸಿಗಳಲ್ಲಿ ಮೂವತ್ತು ವರ್ಷ ಊರು ಸುತ್ತಿದ ಕಂಡಕ್ಟರುಗಳಿದ್ದಾರೆ. ಅವರ ತಲೆಯಲ್ಲಿ ಇಡೀ ರಾಜ್ಯದ ನಕ್ಷೆ ಇದೆ.

ನಮ್ಮ ಬರಹಗಾರರ ಮೇಲೂ ನನಗೊಂದು ತಕರಾರಿದೆ. ಕನ್ನಡದ ಪ್ರವಾಸ ಸಾಹಿತ್ಯ ದೊಡ್ಡದು. ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೇ ಬಂತು. ಅಲ್ಲಿಂದ ಈಚೆಗೆ ವಿದೇಶದ ವಿಮಾನ ನಿಲ್ದಾಣಗಳ ಬೆರಗನ್ನು ನಾವು ಬೇಕಾದಷ್ಟು ಓದಿದ್ದೇವೆ: ಲಂಡನ್ನಿನಲ್ಲಿ ಇಳಿದ ಕೂಡಲೇ ರೈಲು ಸಿಕ್ಕಿತು, ಸಿಂಗಪುರದಲ್ಲಿ ಯಾರನ್ನೂ ಕೇಳಬೇಕಾಗಲಿಲ್ಲ ಎಂಬ ಹೊಗಳಿಕೆ. ಹಾಗೆ ಹೊಗಳಿದ ಲೇಖಕ ವಾಪಸು ಬಂದಿಳಿದಾಗ ಏನಾಗುತ್ತದೆ? ಹೊರಗೆ ಅಳಿಯ ಕಾರು ತಂದು ನಿಂತಿರುತ್ತಾನೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಅದೇ ವಿಮಾನದಿಂದಿಳಿದು, ನಡುರಾತ್ರಿ ಟ್ರಾಲಿಯ ಮೇಲೆ ಕೈಯಿಟ್ಟುಕೊಂಡು, ಬೆಳಗಿನ ಮೊದಲ ಬಸ್ಸಿಗೆ ಕಾಯುವವನ ಕಥೆ ಇನ್ನೂ ಬರೆಯಬೇಕಾಗಿಯೇ ಇದೆ. ಹೊರಗಿನ ಬೇಲಿಯ ಬಳಿ ಮಗನಿಗಾಗಿ ಹಳ್ಳಿಯಿಂದ ಟೆಂಪೊ ಮಾಡಿಕೊಂಡು ಬಂದ ಹನ್ನೆರಡು ಜನರ ಕುಟುಂಬ ನಿಂತಿರುತ್ತದಲ್ಲ, ಅವರ ಕಥೆಯೂ. ಅವರೆಲ್ಲ ಬಂದಿರುವುದು ಪ್ರೀತಿಗಾಗಿ ಎಂದು ನಾವು ಅಂದುಕೊಳ್ಳುತ್ತೇವೆ. ಪ್ರೀತಿ ನಿಜ. ಅವನೊಬ್ಬನೇ ಅಲ್ಲಿಂದ ಮನೆಗೆ ಬಂದು ಸೇರಲಾರ ಎಂಬ ಭಯವೂ ಅಷ್ಟೇ ನಿಜ.

ಹಾಗಾದರೆ ಏನು ಮಾಡಬೇಕು? ದೊಡ್ಡದೇನೂ ಬೇಡ. ಹೊರಬರುವ ಬಾಗಿಲಿಗೆ ನೇರವಾಗಿ ಕಾಣುವಂತೆ ಒಂದು ‘ವಿಚಾರಣೆ’ ಕಿಟಕಿ, ದಿನದ ಇಪ್ಪತ್ನಾಲ್ಕು ಗಂಟೆ, ಬಿಎಂಟಿಸಿ ಮತ್ತು ಕೆಎಸ್‌ಆರ್‌ಟಿಸಿಯವರದ್ದೇ. ಅದರ ಪಕ್ಕದಲ್ಲಿ ಊರಿನ ಹೆಸರು, ಬಸ್ಸು ನಿಲ್ಲುವ ಜಾಗ, ಹೊರಡುವ ಹೊತ್ತು, ದರ, ಕೊನೆಯ ಬಸ್ಸು ಇಷ್ಟನ್ನೂ ಕನ್ನಡದಲ್ಲಿ ಮೊದಲು ಹೇಳುವ ಒಂದು ಬೋರ್ಡು. ರೈಲು ಹಾಲ್ಟಿನ ವೇಳಾಪಟ್ಟಿ, ಅಲ್ಲಿಗೆ ಬಿಡುವ ಬಸ್ಸು ಎರಡೂ ಅದೇ ಬೋರ್ಡಿನ ಮೇಲೆ. ಯಲಹಂಕ ರೈಲು ನಿಲ್ದಾಣಕ್ಕೂ ಹೆದ್ದಾರಿಯ ಬಸ್ ತಂಗುದಾಣಕ್ಕೂ ಓಡಾಡುವ ಸಾಮಾನ್ಯ ದರದ ಬಸ್ಸು, ಶಕ್ತಿ ಯೋಜನೆಯೂ ಅನ್ವಯಿಸುವಂತೆ. ಫೋನಿಲ್ಲದವರಿಗೆ ಟ್ಯಾಕ್ಸಿ ಗೊತ್ತುಮಾಡಿಕೊಡುವ, ದರವನ್ನು ಮೊದಲೇ ಕಾಗದದ ಮೇಲೆ ಬರೆದುಕೊಡುವ ಕೌಂಟರು, ಮೂಲೆಯಲ್ಲಲ್ಲ, ಕಣ್ಣೆದುರಿಗೆ. ಕಲಬುರಗಿ, ಶಿವಮೊಗ್ಗಗಳಂಥ ಸಣ್ಣ ನಿಲ್ದಾಣಗಳಲ್ಲಿ ವಿಮಾನ ಇಳಿಯುವ ಹೊತ್ತಿಗೆ ಹೊಂದಿಸಿ ಊರೊಳಗೆ ಹೋಗುವ ಒಂದು ಬಸ್ಸು. ಇವನ್ನೆಲ್ಲ ಸೇರಿಸಿದರೂ ಒಂದು ಬಿದಿರಿನ ಛಾವಣಿಯ ಖರ್ಚಾಗುವುದಿಲ್ಲ.

ನೀವು ವಿದ್ಯಾರ್ಥಿಗಳಾಗಿದ್ದರೆ ನಿಮ್ಮಲ್ಲೊಂದು ವಿನಂತಿ. ಮುಂದಿನ ಸಲ ವಿಮಾನದಿಂದಿಳಿದಾಗ, ದಾರಿ ಗೊತ್ತಿದ್ದರೂ, ಅಲ್ಲಿ ನಿಂತ ಸಮವಸ್ತ್ರದವರನ್ನು ಕನ್ನಡದಲ್ಲೇ ಕೇಳಿ: ‘ಬಸ್ಸು ಎಲ್ಲಿ ನಿಲ್ಲುತ್ತೆ?’ ಉತ್ತರ ಸಿಗದಿದ್ದರೆ ನಿಲ್ದಾಣದವರಿಗೆ ದೂರು ಬರೆಯಿರಿ, ಸಾರಿಗೆ ಇಲಾಖೆಗೆ ಬರೆಯಿರಿ, ನಿಮ್ಮ ಶಾಸಕರಿಗೆ ಬರೆಯಿರಿ. ಇಂಗ್ಲಿಷ್ ಬಲ್ಲ, ಫೋನ್ ಬಲ್ಲ ನೀವು ಕೇಳದಿದ್ದರೆ, ಅವೆರಡೂ ಇಲ್ಲದವರು ಕೇಳಿದ್ದು ಯಾರಿಗೂ ಕೇಳಿಸುವುದಿಲ್ಲ. ಇಂಥ ನೂರು ದೂರುಗಳು ಒಂದು ತಿಂಗಳಲ್ಲಿ ಮೇಜಿನ ಮೇಲೆ ಬಿದ್ದರೆ ಕಿಟಕಿ ತೆರೆಯದೆ ಬೇರೆ ದಾರಿಯಿರುವುದಿಲ್ಲ.